ಮೊದಲು ವಿಷಯ, ಆಮೇಲೆ ಕ್ರೆಡಿಟ್

ಅಮೆರಿಕದಲ್ಲಿ ಕಾಲೇಜಿಗೆ ಸೇರಿ, ಒಂದಿಷ್ಟು ಕೋರ್ಸು ಮುಗಿಸಿ, ಪದವಿ ಕೈಗೆ ಬರುವ ಮೊದಲೇ ಬಿಟ್ಟುಹೋದ ದುಡಿಯುವ ವಯಸ್ಸಿನವರು ಮೂರೂವರೆ ಕೋಟಿಗೂ ಹೆಚ್ಚಿದ್ದಾರೆ. ಇವರಲ್ಲಿ ಮತ್ತೆ ಓದಲು ಹೊರಟವರಿಗೆ ನಾಲ್ಕು ವರ್ಷ ತರಗತಿಯಲ್ಲಿ ಕೂರುವ ಬಿಡುವಿಲ್ಲ, ಅಷ್ಟು ಶುಲ್ಕ ತೆರುವ ಶಕ್ತಿಯೂ ಇಲ್ಲ. ಇಂಥವರಿಗಾಗಿ ಅಲ್ಲಿ ಅರ್ಧ ಶತಮಾನದಿಂದ ಬೇರೊಂದು ದಾರಿ ತೆರೆದಿದೆ. ಕಾಲೇಜ್ ಬೋರ್ಡ್ 1967ರಲ್ಲಿ ಆರಂಭಿಸಿದ ಕ್ಲೆಪ್ ಪರೀಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲೇ ಓದಿಕೊಂಡು ಬರೆಯಬಹುದು. ಸುಮಾರು ತೊಂಬತ್ತು ನಿಮಿಷದ ಪರೀಕ್ಷೆ. 20ರಿಂದ 80ರವರೆಗಿನ ಅಳತೆಯಲ್ಲಿ 50 ಬಂದರೆ ಕ್ರೆಡಿಟ್, ಅಂದರೆ ಪದವಿಯ ಲೆಕ್ಕಕ್ಕೆ ಸೇರುವ ಕಲಿಕೆಯ ಅಂಶ, ಕೊಡಬಹುದೆಂದು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ಶಿಫಾರಸು ಮಾಡುತ್ತದೆ. ಸೇನೆಯ ತರಬೇತಿಯನ್ನೂ, ಸೋಫಿಯಾ, ಸ್ಟ್ರೇಟರ್‌ಲೈನ್‌ನಂಥ ಕಂಪನಿಗಳ ಆನ್‌ಲೈನ್ ಕೋರ್ಸುಗಳನ್ನೂ ಇದೇ ಕೌನ್ಸಿಲ್ ತೂಗಿ ನೋಡುತ್ತದೆ. ಹೀಗೆ ಹೊರಗೆ ಗಳಿಸಿದ್ದನ್ನು ಧಾರಾಳವಾಗಿ ಒಪ್ಪುವ ಕಾಲೇಜುಗಳೂ ಹುಟ್ಟಿದವು. 1971ರಲ್ಲಿ ನ್ಯೂಯಾರ್ಕ್ ರಾಜ್ಯ ಆರಂಭಿಸಿದ ಹೊರಪದವಿ ಯೋಜನೆ ಇಂದು ಎಕ್ಸೆಲ್ಸಿಯರ್ ವಿಶ್ವವಿದ್ಯಾಲಯವಾಗಿದೆ. 1972ರಲ್ಲಿ ನ್ಯೂಜೆರ್ಸಿಯಲ್ಲಿ ಥಾಮಸ್ ಎಡಿಸನ್, 1973ರಲ್ಲಿ ಕನೆಕ್ಟಿಕಟ್‌ನಲ್ಲಿ ಚಾರ್ಟರ್ ಓಕ್ ಕಾಲೇಜುಗಳು ಬಂದವು. ಚದುರಿದ ಕ್ರೆಡಿಟ್‌ಗಳಿಗೆ ಹೆಚ್ಚು ಜಾಗ ಕೊಡುವುದು ಲಿಬರಲ್ ಆರ್ಟ್ಸ್ ಪದವಿ. ಹಾಗಾಗಿ ಈ ದಾರಿಯ ಬಹಳ ಜನ ಅದನ್ನೇ ಹಿಡಿಯುತ್ತಾರೆ. ಸಿಕ್ಕ ಕ್ರೆಡಿಟ್‌ಗಳನ್ನೆಲ್ಲ ಕೂಡಿಹಾಕಿ, ಕೊನೆಗೆ ‘ಇಷ್ಟಕ್ಕೆ ಯಾವ ಕಾನ್ಸಂಟ್ರೇಷನ್ (ಪದವಿಯಲ್ಲಿ ಆಳವಾಗಿ ಓದುವ ಮುಖ್ಯ ವಿಷಯ) ಆದೀತು’ ಎಂದು ಲೆಕ್ಕ ಹಾಕುತ್ತಾರೆ. ಈ ಕ್ರಮ ತಲೆಕೆಳಗಾಗಿದೆ. ವಿಷಯವನ್ನು ಮೊದಲು ಆರಿಸಿಕೊಂಡು, ಅದಕ್ಕೆ ಬೇಕಾದ ಕ್ರೆಡಿಟ್‌ಗಳನ್ನು ಆಮೇಲೆ ಹುಡುಕಬೇಕು. ಓದಿನ ದೃಷ್ಟಿಯಿಂದಲೂ ಹಣದ ದೃಷ್ಟಿಯಿಂದಲೂ ಅದೇ ಸರಿ.

ಕಾನ್ಸಂಟ್ರೇಷನ್ ಎಂಬುದು ಯಾಕೆ ಬಂತೆಂದು ನೋಡಿದರೆ ಇದು ಇನ್ನಷ್ಟು ತಿಳಿಯಾಗುತ್ತದೆ. 1869ರಿಂದ ನಲವತ್ತು ವರ್ಷ ಹಾರ್ವರ್ಡ್ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಕಡ್ಡಾಯ ಪಾಠಗಳನ್ನು ಒಂದೊಂದಾಗಿ ತೆಗೆದು, ಬೇಕಾದ್ದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ವಿದ್ಯಾರ್ಥಿಗೆ ಕೊಟ್ಟರು. ದೊಡ್ಡ ಸುಧಾರಣೆಯೇ ಅದು. ಆದರೆ ಬಹಳ ಹುಡುಗರು ಸುಲಭದ ಆರಂಭಿಕ ಕೋರ್ಸುಗಳನ್ನೇ ಸಾಲಾಗಿ ತೆಗೆದುಕೊಂಡು ಪದವಿ ಮುಗಿಸತೊಡಗಿದರು. 1909ರಲ್ಲಿ ಬಂದ ಲಾರೆನ್ಸ್ ಲೋವೆಲ್ ಇದಕ್ಕೆ ಎರಡು ಕಟ್ಟು ಹಾಕಿದರು: ಕೆಲವು ಕೋರ್ಸು ಬೇರೆಬೇರೆ ಕ್ಷೇತ್ರಗಳಲ್ಲಿ ಹರಡಿರಬೇಕು, ಕೆಲವು ಒಂದೇ ಕ್ಷೇತ್ರದಲ್ಲಿ ಆಳಕ್ಕಿಳಿಯಬೇಕು. ಇಂದಿನ ಅಮೆರಿಕನ್ ಪದವಿಯ ಹಂದರ ಬಹುಮಟ್ಟಿಗೆ ಇದೇ. ನೂರು ವರ್ಷದ ಹಿಂದೆ ಒಂದೇ ಕ್ಯಾಂಪಸ್ಸಿನೊಳಗೆ ಇದ್ದ ಚದುರುವ ಅಪಾಯ, ಕ್ರೆಡಿಟ್‌ಗಳು ಹತ್ತಾರು ಕಡೆಯಿಂದ ಬರುವ ಈ ಕಾಲದಲ್ಲಿ ಹಲವು ಪಟ್ಟು ಬೆಳೆದಿದೆ. ಒಬ್ಬರೇ ಅಧ್ಯಾಪಕರು ವರ್ಷಗಟ್ಟಲೆ ಗಮನಿಸುವುದಿಲ್ಲ, ಜೊತೆಗೆ ಓದುವ ಗೆಳೆಯರಿಲ್ಲ. ಬಿಡಿಬಿಡಿ ಕಲಿಕೆ ಒಂದಕ್ಕೊಂದು ಬೆಸೆದುಕೊಳ್ಳಲು ಇಂಥ ಪದವಿಯಲ್ಲಿ ಉಳಿದಿರುವ ಮುಖ್ಯ ಜಾಗವೇ ಕಾನ್ಸಂಟ್ರೇಷನ್. ಅದನ್ನೂ ಮಿಕ್ಕಿದ್ದರಲ್ಲಿ ಹೊಂದಿಸಿದರೆ 120 ಕ್ರೆಡಿಟ್‌ಗಳ ಪಟ್ಟಿ ಕೈಗೆ ಬರುತ್ತದೆಯೇ ಹೊರತು ಅವುಗಳ ನಡುವೆ ನಂಟಿರುವುದಿಲ್ಲ.

ಹಣದ ಲೆಕ್ಕವೂ ಇದನ್ನೇ ಹೇಳುತ್ತದೆ. ಅಮೆರಿಕದ ಕಾಲೇಜುಗಳಲ್ಲಿ ಮೊದಲೆರಡು ವರ್ಷದ ಕೋರ್ಸು ಕೆಳಹಂತದ್ದು, ಕೊನೆಯೆರಡು ವರ್ಷದ್ದು ಮೇಲ್ಹಂತದ್ದು. ಕಾನ್ಸಂಟ್ರೇಷನ್‌ನ ದೊಡ್ಡ ಪಾಲು ಮೇಲ್ಹಂತದ್ದೇ ಆಗಿರಬೇಕು. ಅಗ್ಗದ ಹೊರಗಿನ ಕ್ರೆಡಿಟ್‌ಗಳಲ್ಲಿ ಹೆಚ್ಚಿನವು ಕೆಳಹಂತದವು. ಮನೋವಿಜ್ಞಾನವನ್ನೇ ತೆಗೆದುಕೊಳ್ಳಿ. ಕ್ಲೆಪ್‌ನಲ್ಲಿ ಮನೋವಿಜ್ಞಾನ ಪ್ರವೇಶ, ಮಾನವ ಬೆಳವಣಿಗೆ, ಶೈಕ್ಷಣಿಕ ಮನೋವಿಜ್ಞಾನ ಎಂಬ ಮೂರು ಪರೀಕ್ಷೆಗಳಿವೆ. ಮೂರೂ ಸುಲಭವೆಂದು ಹೆಸರಾದವು. ಮೂರನ್ನೂ ಪಾಸು ಮಾಡಿ ಒಂಬತ್ತು ಕ್ರೆಡಿಟ್ ಕೈಗೆ ಬಂದಾಗ ಇದೇ ತನ್ನ ವಿಷಯವೆಂದು ಒಬ್ಬ ವಿದ್ಯಾರ್ಥಿನಿ ತೀರ್ಮಾನಿಸುವುದು ಸಹಜ. ಆದರೆ ಮೂರೂ ಕೆಳಹಂತದವು. ಮುಂದೆ ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ, ಅದರ ಮೇಲಿನ ವಿಶೇಷ ಕೋರ್ಸುಗಳು ಕಾದಿರುತ್ತವೆ, ಅವಕ್ಕೆ ಕ್ಲೆಪ್ ಇಲ್ಲ. ಇತಿಹಾಸದ ಮಾತು ಸ್ವಲ್ಪ ಬೇರೆ. ಅಮೆರಿಕದ ಇತಿಹಾಸ, ಪಾಶ್ಚಾತ್ಯ ನಾಗರಿಕತೆ ಎಂಬ ಎರಡೆರಡು ಕ್ಲೆಪ್‌ಗಳಿಂದ ಹನ್ನೆರಡು ಕೆಳಹಂತದ ಕ್ರೆಡಿಟ್ ಸಿಗುತ್ತದೆ. ಡಿಎಸ್‌ಎಸ್‌ಟಿ ಎಂಬ ಇನ್ನೊಂದು ಪರೀಕ್ಷಾ ಸರಣಿಯಲ್ಲಿ ಅಮೆರಿಕದ ಅಂತರ್ಯುದ್ಧದ ಮೇಲೂ ಸೋವಿಯತ್ ಒಕ್ಕೂಟದ ಇತಿಹಾಸದ ಮೇಲೂ ಇರುವ ಪರೀಕ್ಷೆಗಳನ್ನು ಮೇಲ್ಹಂತವೆಂದು ಪರಿಗಣಿಸಲಾಗಿದೆ. ಅದಕ್ಕಾಗಿ ಎಲ್ಲರೂ ಇತಿಹಾಸವನ್ನೇ ಹಿಡಿಯಬೇಕೆಂದು ಹೇಳುತ್ತಿಲ್ಲ. ಯಾವ ವಿಷಯದ ಮೇಲ್ಹಂತಕ್ಕೆ ಎಲ್ಲಿ ದಾರಿಯಿದೆ, ಎಲ್ಲಿ ಪೂರ್ಣ ಶುಲ್ಕ ಕಟ್ಟಿ ಕಲಿಯಲೇಬೇಕು ಎಂಬುದನ್ನು ಮೊದಲ ಪರೀಕ್ಷೆಗೆ ಹೆಸರು ಕೊಡುವ ಮುಂಚೆಯೇ ತಿಳಿದುಕೊಳ್ಳಬೇಕು. ಕೌನ್ಸಿಲ್ ಮಾಡುವುದು ಶಿಫಾರಸು ಮಾತ್ರ, ಕೊನೆಯ ಮಾತು ಕಾಲೇಜಿನದು. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಅಂದಾಜು ಶೇ 43ರಷ್ಟು ಕ್ರೆಡಿಟ್ ಕಳೆದುಕೊಂಡರೆಂದು ಅಮೆರಿಕ ಸರ್ಕಾರದ ಲೆಕ್ಕಪತ್ರ ಕಚೇರಿ 2017ರಲ್ಲಿ ವರದಿ ಕೊಟ್ಟಿತು. ಕಾಲೇಜಿನಿಂದ ಕಾಲೇಜಿಗೆ ಹೋಗುವಾಗಲೇ ಇಷ್ಟು ಸೋರಿದರೆ, ಪರೀಕ್ಷೆ, ಕಂಪನಿ, ಸೇನೆಗಳಿಂದ ತಂದ ಕ್ರೆಡಿಟ್‌ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಹಾಗಾದರೆ ಆಯ್ಕೆ ಹೇಗೆ? ನನ್ನ ಮಟ್ಟಿಗೆ, ಇಲಾಖೆಯ ಹೆಸರಿಗಿಂತ ಒಂದು ಪ್ರಶ್ನೆಯಿಂದ ಹೊರಡುವುದು ಒಳ್ಳೆಯದು. ಯುದ್ಧವಾದ ಮೇಲೆ ಒಂದು ದೇಶ ತನ್ನನ್ನು ಹೇಗೆ ಮತ್ತೆ ಕಟ್ಟಿಕೊಳ್ಳುತ್ತದೆ ಎಂಬ ಕುತೂಹಲವಿರುವವರಿಗೆ ಅಂತರ್ಯುದ್ಧದ ಪರೀಕ್ಷೆ, ಸೋವಿಯತ್ ಇತಿಹಾಸ, ಸಮಗ್ರ ಅರ್ಥಶಾಸ್ತ್ರ, ಅಮೆರಿಕದ ಆಡಳಿತ ವ್ಯವಸ್ಥೆ ಎಲ್ಲವೂ ಒಂದೇ ದಿಕ್ಕಿನಲ್ಲಿ ನಡೆಯುವ ಓದಾಗುತ್ತವೆ. ಇದೇ ನಾಲ್ಕು, ಪ್ರಶ್ನೆಯಿಲ್ಲದೆ ಬಂದರೆ, ನಾಲ್ಕು ಅಂಕಪಟ್ಟಿಗಳಷ್ಟೇ. ಹಲವು ವಿಷಯ ಬೆರೆಸಿ ತಮ್ಮದೇ ಕಾನ್ಸಂಟ್ರೇಷನ್ ರೂಪಿಸಿ, ಅಧ್ಯಾಪಕರ ಒಪ್ಪಿಗೆ ಪಡೆಯುವ ಅವಕಾಶವನ್ನು ಚಾರ್ಟರ್ ಓಕ್ ವಿದ್ಯಾರ್ಥಿಗಳಿಗೆ ಕೊಟ್ಟಿದೆ. ಪರೀಕ್ಷೆಗಳಿಂದ ಉಳಿದ ಹಣ ಮತ್ತು ಸಮಯವನ್ನು ಸುರಿಯಬೇಕಾದ್ದೂ ಕಾನ್ಸಂಟ್ರೇಷನ್‌ಗೇ. ಸಾಮಾನ್ಯ ಶಿಕ್ಷಣದ ಭಾಗವನ್ನು ಕ್ಲೆಪ್‌ನಿಂದ ಮುಗಿಸಿ. ಆರಿಸಿಕೊಂಡ ವಿಷಯದ ಮೇಲ್ಹಂತದ ಮೂರು ನಾಲ್ಕು ಕೋರ್ಸನ್ನಾದರೂ ಪಾಠ ಹೇಳುವ, ಪ್ರಬಂಧ ತಿದ್ದುವ ಅಧ್ಯಾಪಕರ ಕೈಕೆಳಗೆ ಓದಿ. ಹೊರಗಿನ ಕ್ರೆಡಿಟ್ ಎಷ್ಟೇ ಒಪ್ಪಿದರೂ ಈ ಕಾಲೇಜುಗಳು ಕ್ಯಾಪ್‌ಸ್ಟೋನ್ ಎಂಬ ಕೊನೆಯ ಕೋರ್ಸನ್ನು ತಮ್ಮಲ್ಲೇ ಮಾಡಿಸುತ್ತವೆ. ದೀರ್ಘ ಬರಹವೊಂದನ್ನು ಅಲ್ಲಿ ಒಪ್ಪಿಸಬೇಕು. ಅದುವರೆಗೆ ಬಹುಆಯ್ಕೆಯ ಪ್ರಶ್ನೆಗಳಿಗೆ ಗುರುತು ಹಾಕುತ್ತಾ ಬಂದವರು ಅಲ್ಲಿ ತಡವರಿಸುವುದು ಅಚ್ಚರಿಯಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ನಲವತ್ತು ದಾಟಿದ, ಬಡ್ತಿಗೆ ‘ಯಾವುದಾದರೂ ಪದವಿ’ ಸಾಕಾಗುವ ಉದ್ಯೋಗಿಗೆ ವಿಷಯದ ಆಳದ ಮಾತು ಯಾಕೆ? ಬೇಗ ಮುಗಿಯುವುದೇ ಅವರಿಗೆ ದೊಡ್ಡ ಲಾಭವಲ್ಲವೇ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ವಯಸ್ಕ ಕಲಿಕೆಯ ಮಂಡಳಿ ಸಿಎಇಎಲ್ 48 ಸಂಸ್ಥೆಗಳ ಅರವತ್ತೆರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಗಮನಿಸಿ 2010ರಲ್ಲಿ ಕೊಟ್ಟ ವರದಿಯ ಪ್ರಕಾರ, ಹಿಂದಿನ ಕಲಿಕೆಗೆ ಕ್ರೆಡಿಟ್ ಪಡೆದವರಲ್ಲಿ ಶೇ 56 ಮಂದಿ ಏಳು ವರ್ಷದೊಳಗೆ ಪದವಿ ಪಡೆದರು, ಪಡೆಯದವರಲ್ಲಿ ಶೇ 21 ಮಂದಿ. ಕ್ರೆಡಿಟ್ ಕೇಳಿ ಪಡೆಯುವಷ್ಟು ಹಟವಿದ್ದವರು ಹೇಗೂ ಮುಗಿಸುತ್ತಿದ್ದರು ಎಂದು ವಾದಿಸಬಹುದು. ಆದರೂ ಈ ಅಂತರ ಸಣ್ಣದಲ್ಲ. ಈ ದಾರಿ ಜನರನ್ನು ದಡ ಸೇರಿಸುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ವಿಷಯವನ್ನು ಮೊದಲೇ ಆರಿಸಿಕೊಂಡರೆ ತಡವಾಗುತ್ತದೆ ಎಂಬುದು ನಿಜವಲ್ಲ. ತಡವಾಗುವುದು ಎಲ್ಲಿಗೂ ಸಲ್ಲದ ಮೂವತ್ತು ನಲವತ್ತು ಕೆಳಹಂತದ ಕ್ರೆಡಿಟ್ ಕೂಡಿಹಾಕಿದಾಗ. ಜೊತೆಗೆ, ಇಂದು ಯಾವುದಾದರೂ ಪದವಿ ಸಾಕೆಂದವರು ನಾಳೆ ಶಿಕ್ಷಕರಾಗಲು, ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಓದಲು ಹೊರಟರೆ ಪ್ರವೇಶ ಸಮಿತಿಯವರು ಪದವಿಯ ಹೆಸರನ್ನಷ್ಟೇ ನೋಡುವುದಿಲ್ಲ, ಅಂಕಪಟ್ಟಿಯ ಒಂದೊಂದು ಸಾಲನ್ನೂ ಓದುತ್ತಾರೆ. ನಡುವೆ ಆಸಕ್ತಿ ಬದಲಾದರೆ ಏನು ಗತಿ ಎಂಬುದು ಇನ್ನೊಂದು ಪ್ರಶ್ನೆ. ಬದಲಾಗಲಿ, ದಿಕ್ಕಿದ್ದ ಓದನ್ನು ತಿರುಗಿಸುವುದು ದಿಕ್ಕಿಲ್ಲದ್ದನ್ನು ಜೋಡಿಸುವುದಕ್ಕಿಂತ ಸುಲಭ.

ಕನ್ನಡಿಗರಿಗೂ ಇದರ ಬಿಸಿ ತಟ್ಟುತ್ತದೆ. ಸಂಗಾತಿಯ ಕೆಲಸದ ನಿಮಿತ್ತ ಅಮೆರಿಕಕ್ಕೆ ಹೋದವರ ಮೈಸೂರು, ಧಾರವಾಡಗಳ ಮೂರು ವರ್ಷದ ಬಿಎ ಪದವಿಯನ್ನು ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ್ದಕ್ಕೆ ಸಮವೆಂದು ಒಪ್ಪುವುದಿಲ್ಲ. ಆ ಮೂರು ವರ್ಷವನ್ನು ಕ್ರೆಡಿಟ್‌ಗೆ ಪರಿವರ್ತಿಸಿ, ಉಳಿದದ್ದನ್ನು ಮೇಲೆ ಹೇಳಿದ ದಾರಿಯಲ್ಲಿ ತುಂಬಿಕೊಳ್ಳಬಹುದು. ಇಲ್ಲಿ ಓದಿದ ಐಚ್ಛಿಕ ವಿಷಯಗಳನ್ನೇ ಕಾನ್ಸಂಟ್ರೇಷನ್‌ನ ಬುನಾದಿ ಮಾಡಿಕೊಂಡರೆ ಉಳಿಯುವುದು ಕೆಲವೇ ಕೋರ್ಸು. ನಮ್ಮಲ್ಲೂ ಯುಜಿಸಿ 2021ರಲ್ಲಿ, ಬೇರೆಬೇರೆ ಕಡೆ ಗಳಿಸಿದ ಕ್ರೆಡಿಟ್‌ಗಳನ್ನು ಒಂದು ಖಾತೆಯಲ್ಲಿ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ತಂದಿತು. ಸ್ವಯಂ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆಯಿಂದ ಶೇ 40ರವರೆಗೆ ಕೋರ್ಸು ತೆಗೆದುಕೊಳ್ಳಲು ಅದೇ ವರ್ಷ ಅವಕಾಶ ಕೊಟ್ಟಿತು. ಕರ್ನಾಟಕ ಆ ವರ್ಷ ನಾಲ್ಕು ವರ್ಷದ ಪದವಿಗೆ ಹೋಗಿ, 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಬ್ಯಾಂಕಿನ ಖಾತೆ ಮಾತ್ರ ವಿದ್ಯಾರ್ಥಿಯ ಬಳಿ ಉಳಿದಿದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಪದವಿಯ ಮೊದಲ ವರ್ಷಕ್ಕೆ 4.5, ಮೂರನೆಯದಕ್ಕೆ 5.5 ಎಂದು ಹಂತಗಳನ್ನೂ ಗೊತ್ತುಮಾಡಿದೆ. ಹಾಗಾಗಿ ಒಂದು ಸ್ವಯಂ ಕೋರ್ಸು ತನ್ನ ಮುಖ್ಯ ವಿಷಯದ ಯಾವ ಹಂತಕ್ಕೆ ಸಲ್ಲುತ್ತದೆ ಎಂಬುದನ್ನು ಹೆಸರು ನೋಂದಾಯಿಸುವ ಮೊದಲೇ ವಿದ್ಯಾರ್ಥಿಗೆ ಲಿಖಿತವಾಗಿ ಹೇಳುವ ಹೊಣೆಯನ್ನು ಪ್ರತಿ ಪದವಿ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರಿಗಾದರೂ ವಿಶ್ವವಿದ್ಯಾಲಯಗಳು ವಹಿಸಬೇಕು.