ಒಂದು ಕೈ, 550 ಕಾದಂಬರಿ

ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದು 550 ಕಾದಂಬರಿ. ಅದರಲ್ಲಿ ಪತ್ತೇದಾರಿಯೇ ನೂರರ ಆಸುಪಾಸು. ಎನ್. ನರಸಿಂಹಯ್ಯ ಎಂದರೆ ಈಗಿನ ಹುಡುಗರಿಗೆ ಥಟ್ಟನೆ ಹೊಳೆಯಲಿಕ್ಕಿಲ್ಲ. ಅರವತ್ತು ದಾಟಿದವರನ್ನು ಅವರ ಕಥಾನಾಯಕನ ಹೆಸರು ಹಿಡಿದು ‘ಪತ್ತೇದಾರ ಪುರುಷೋತ್ತಮ ಗೊತ್ತಾ?’ ಎಂದು ಕೇಳಿ ನೋಡಿ, ಮುಖ ಅರಳುತ್ತದೆ. 1925ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ಈ ಮನುಷ್ಯನ ಪಕ್ಕದಲ್ಲಿ ಶಿವರಾಮ ಕಾರಂತರ 47 ಕಾದಂಬರಿಗಳನ್ನಿಡಿ. ಭೈರಪ್ಪನವರದ್ದನ್ನೂ ಅ.ನ.ಕೃ. ಅವರದ್ದನ್ನೂ ಸೇರಿಸಿ. ಮೂವರದ್ದೂ ಕೂಡಿದರೂ ನರಸಿಂಹಯ್ಯನವರ ಅರ್ಧಕ್ಕೆ ಬರುವುದಿಲ್ಲ.

ಸಂಖ್ಯೆಯೊಂದನ್ನೇ ಹೇಳಿದರೆ ಇದರ ಗಾತ್ರ ತಲೆಗೆ ಹತ್ತುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯನ್ನೇ ಅಳತೆಗೋಲು ಮಾಡಿಕೊಳ್ಳೋಣ. ಕಾದಂಬರಿಗೆ 120 ಪುಟ, ಪುಟಕ್ಕೆ 22 ಸಾಲು, ಸಾಲಿಗೆ 9 ಸೆಂಟಿಮೀಟರ್ ಎಂದು ಜುಗ್ಗತನದಲ್ಲೇ ಲೆಕ್ಕ ಹಿಡಿಯಿರಿ. 66,000 ಪುಟ, 14 ಲಕ್ಷ 52 ಸಾವಿರ ಸಾಲು ಆಯಿತು. ಈ ಸಾಲುಗಳನ್ನು ಒಂದರ ತುದಿಗೆ ಇನ್ನೊಂದನ್ನಿಟ್ಟು ಹೆದ್ದಾರಿಯ ಮೇಲೆ ಹಾಸಿದರೆ 130 ಕಿಲೋಮೀಟರ್. ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ಅಂದರೆ ಆ ಸಾಲು ಕುಮಟಾಕ್ಕೆ ಹೋಗಿ, ಭಟ್ಕಳಕ್ಕೆ ವಾಪಸು ಬಂದು, ಮತ್ತೆ ಮುರ್ಡೇಶ್ವರದ ಕಡೆಗೆ 10 ಕಿಲೋಮೀಟರ್ ನಡೆಯುತ್ತದೆ.

ಈಗ ಪ್ರತಿಗಳ ಲೆಕ್ಕ. ಕನ್ನಡದಲ್ಲಿ ಒಂದು ಮುದ್ರಣಕ್ಕೆ ಸಾವಿರ ಪ್ರತಿ ಎನ್ನುವುದು ರೂಢಿಯ ಮಾತು. ಒಂದೊಂದು ಕಾದಂಬರಿಯೂ ಒಂದೇ ಸಲ, ಸಾವಿರವೇ ಅಚ್ಚಾಯಿತೆಂದರೂ 5 ಲಕ್ಷ 50 ಸಾವಿರ ಪುಸ್ತಕ. 2011ರ ಜನಗಣತಿಯಲ್ಲಿ ಈ ಮೂರೂ ತಾಲ್ಲೂಕುಗಳ ಜನಸಂಖ್ಯೆ ಸುಮಾರು 4 ಲಕ್ಷ 80 ಸಾವಿರ. ತೊಟ್ಟಿಲ ಕೂಸಿಗೂ ಒಂದೊಂದು ಕೊಟ್ಟರೂ 70 ಸಾವಿರ ಪುಸ್ತಕ ಮಿಗುತ್ತದೆ. ಪುಸ್ತಕಕ್ಕೆ ಒಂದು ಸೆಂಟಿಮೀಟರ್ ದಪ್ಪವೆಂದು ಒಟ್ಟಿದರೆ ಐದೂವರೆ ಕಿಲೋಮೀಟರ್ ಎತ್ತರ. ಮುರ್ಡೇಶ್ವರದ ಇಪ್ಪತ್ತು ಅಂತಸ್ತಿನ ರಾಜಗೋಪುರವನ್ನು ಒಂದರ ಮೇಲೊಂದು 76 ಸಲ ನಿಲ್ಲಿಸಬೇಕು. ಇದರಲ್ಲಿ ಮರುಮುದ್ರಣ ಸೇರಿಲ್ಲ.

ಇಷ್ಟೊಂದು ಯಾಕೆ ಬರೆಯಬೇಕಿತ್ತು? ಹೊಟ್ಟೆಪಾಡೂ ಒಂದು ಕಾರಣ. ಜೇಬು ಕಾದಂಬರಿಗೆ ಒಂದೋ ಎರಡೋ ರೂಪಾಯಿ ಬೆಲೆಯಿದ್ದ ಕಾಲ. ರೂಪಾಯಿಯ ಪುಸ್ತಕ ಸಾವಿರ ಖರ್ಚಾಗಿ, ಶೇ 10ರಂತೆ ರಾಯಧನ ಕೈಗೆ ಬಂತೆಂದೇ ಇಟ್ಟುಕೊಳ್ಳಿ. ಇಡೀ ಕಾದಂಬರಿಗೆ ನೂರು ರೂಪಾಯಿ! ಪೆನ್ನನ್ನೇ ನಂಬಿದವನು ಪೆನ್ನು ಕೆಳಗಿಡುವ ಹಾಗಿಲ್ಲ. 550ನ್ನು ನಲವತ್ತು ವರ್ಷಕ್ಕೆ ಹಂಚಿದರೆ 26 ದಿನಕ್ಕೊಂದು ಕಾದಂಬರಿ.

ಈಗಿನ ಲೇಖಕ ಪುಸ್ತಕದ ಜೊತೆ ಊರೂರು ಸುತ್ತುತ್ತಾನೆ. ಆಗ ಸುತ್ತುತ್ತಿದ್ದದ್ದು ಪುಸ್ತಕ. ಈ ಕಡಲತಡಿಯ ಉದ್ದಕ್ಕೂ ಕೊಂಕಣ ರೈಲು ಓಡತೊಡಗಿದ್ದು 1998ರಲ್ಲಿ. ಅಲ್ಲಿಯವರೆಗೆ ಬೆಂಗಳೂರಿನ ಪುಸ್ತಕದ ಕಟ್ಟು ಘಟ್ಟ ಇಳಿಯುತ್ತಿದ್ದದ್ದು ಬಸ್ಸು, ಲಾರಿಗಳಲ್ಲೇ. ಬಾಡಿಗೆ ಲೈಬ್ರರಿಗೆ ಬಂದ ಪ್ರತಿಯ ಅವಸ್ಥೆ ಆ ಕಾಲದ ಓದುಗರಿಗೆ ನೆನಪಿದ್ದೀತು. ಬೆನ್ನಿಗೆ ಅಂಟಿಸಿದ ಬಟ್ಟೆಪಟ್ಟಿ, ಆಷಾಢದ ಥಂಡಿಗೆ ಉಬ್ಬಿದ ಹಾಳೆ, ಇಪ್ಪತ್ತನೇ ಪುಟದಲ್ಲಿ ಯಾವನೋ ಪುಣ್ಯಾತ್ಮ ಪೆನ್ಸಿಲಿನಲ್ಲಿ ಗೀಚಿದ ‘ಕೊಲೆಗಾರ ಇವನೇ’. ಗ್ರಹಚಾರ ಕೆಟ್ಟಿದ್ದರೆ ಕೊನೆಯ ಹಾಳೆಯೇ ಇಲ್ಲ. ಅಂಥ ಒಂದು ಪ್ರತಿ ಮೂವತ್ತು ಕೈ ದಾಟಿತೆಂದರೂ ಐದೂವರೆ ಲಕ್ಷ ಪ್ರತಿಗೆ 1 ಕೋಟಿ 65 ಲಕ್ಷ ಓದು.

ಉರ್ದು ಬಲ್ಲ ಭಟ್ಕಳದವರಿಗೆ ಇನ್ನೊಂದು ಲೆಕ್ಕ ಒಪ್ಪಿಸಬೇಕು. ಉರ್ದುವಿನ ಪತ್ತೇದಾರಿ ಕಾದಂಬರಿಕಾರ ಇಬ್ನೆ ಸಫಿ 1952ರಲ್ಲಿ ಅಲಹಾಬಾದಿನಿಂದ ‘ಜಾಸೂಸಿ ದುನಿಯಾ’ ಮಾಲೆ ಶುರುಮಾಡಿದರು. ಅದೇ ವರ್ಷ ಕರಾಚಿಗೆ ಹೋದರೂ ಪುಸ್ತಕಗಳು ಎರಡೂ ದೇಶಗಳಲ್ಲಿ ಬರುತ್ತಲೇ ಇದ್ದವು. ಆ ಮಾಲೆಯಲ್ಲಿ 125, ‘ಇಮ್ರಾನ್’ ಮಾಲೆಯಲ್ಲಿ 120, ಒಟ್ಟು 245. ನಡುವೆ ಮೂರು ವರ್ಷ ಕಾಯಿಲೆ. ಚೇತರಿಸಿಕೊಂಡು 1963ರಲ್ಲಿ ತಂದ ‘ಡೇಢ್ ಮತ್‌ವಾಲೆ’ಯನ್ನು ಭಾರತದಲ್ಲಿ ಬಿಡುಗಡೆ ಮಾಡಿದವರು ಲಾಲ್ ಬಹದ್ದೂರ್ ಶಾಸ್ತ್ರಿ. ವಾರದೊಳಗೆ ಎರಡನೇ ಮುದ್ರಣ! ಸಫಿ 1980ರಲ್ಲಿ ತೀರಿಕೊಂಡರು. 2011ರಲ್ಲಿ ಚೆನ್ನೈನ ಬ್ಲಾಫ್ಟ್ ಪ್ರಕಾಶನ ಅವರ ನಾಲ್ಕು ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ತಂದಿತು. ಅನುವಾದಿಸಿದವರು ಉರ್ದುವಿನ ಘನ ವಿಮರ್ಶಕ ಶಂಸುರ್ರಹಮಾನ್ ಫಾರೂಕಿ.

ಪ್ರಶಸ್ತಿಯ ಗಣಿತ ಬೇರೆ, ಅಲ್ಲಿ ಒಂದು ಪುಸ್ತಕ ಸಾಕು. ಕುಮಟಾ ತಾಲ್ಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು 1979ರ ‘ಶಿಕಾರಿ’ಯಲ್ಲಿ ಸಂಶಯ, ಸಂಚು, ಬೇಟೆ ಎಲ್ಲವನ್ನೂ ಮುಂಬೈಯ ಕಂಪನಿಯೊಂದರೊಳಗೆ ತಂದರು, ಪತ್ತೇದಾರನೊಬ್ಬನನ್ನು ಬಿಟ್ಟು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವರಿಗೆ 1983ರಲ್ಲಿ ಬಂದದ್ದು ‘ಕಥೆಯಾದಳು ಹುಡುಗಿ’ ಎಂಬ ಒಂದು ಸಂಕಲನಕ್ಕೆ. ಗೋಕರ್ಣದ ಜಯಂತ ಕಾಯ್ಕಿಣಿಯವರಿಗೆ ದಕ್ಷಿಣ ಏಷ್ಯಾ ಸಾಹಿತ್ಯದ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ, 25,000 ಡಾಲರ್, ಸಂದದ್ದೂ ಅನುವಾದಗೊಂಡ ಒಂದು ಕಥಾಸಂಕಲನಕ್ಕೆ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಪತ್ತೇದಾರಿಗೆ ಒಂದೂ ಇಲ್ಲ.

ಹೊರಗಿನವರು ತಮ್ಮ ಪತ್ತೇದಾರಿ ಲೇಖಕರನ್ನು ಕಾಪಾಡಿಕೊಂಡ ಬಗೆ ನೋಡಿ. ಜಾರ್ಜ್ ಸಿಮೆನಾನ್ ಬರೆದ, ಪತ್ತೇದಾರ ಮೆಗ್ರೆಯ ಕಾದಂಬರಿಗಳು 75. ಪೆಂಗ್ವಿನ್ 2013ರ ನವೆಂಬರಿನಿಂದ ತಿಂಗಳಿಗೊಂದರಂತೆ ಹೊಸ ಅನುವಾದ ತಂದು 2020ರಲ್ಲಿ ಕೊನೆ ಮುಟ್ಟಿಸಿತು. ನರಸಿಂಹಯ್ಯನವರನ್ನು ಹೀಗೆ ತಿಂಗಳಿಗೊಂದು ಮರುಮುದ್ರಿಸಿದರೆ 45 ವರ್ಷ 10 ತಿಂಗಳು ಬೇಕು. ಇಂದು ಹುಟ್ಟಿದ ಮಗು ಕೊನೆಯ ಪುಸ್ತಕ ಕೊಳ್ಳುವಾಗ ಅದರ ಮಕ್ಕಳು ಕಾಲೇಜಿನಲ್ಲಿರುತ್ತಾರೆ. ಬರೀ ಪತ್ತೇದಾರಿಯ ನೂರಕ್ಕಾದರೆ ಎಂಟು ವರ್ಷ ನಾಲ್ಕು ತಿಂಗಳು ಸಾಕು.

ಅಚ್ಚು ಹಾಕಬೇಕಾದರೆ ಮೊದಲು ಪ್ರತಿ ಸಿಗಬೇಕಲ್ಲ? ಕರಾವಳಿಯ ಮಳೆಗೆ, ಗೆದ್ದಲಿಗೆ ಅಗ್ಗದ ಕಾಗದ ಹೆಚ್ಚು ಕಾಲ ಬಾಳುವುದಿಲ್ಲ. ನಿಮ್ಮ ಮನೆಯ ಮೆತ್ತಿನ ಮೇಲೆ ಹಳೆಯ ಪತ್ತೇದಾರಿ ಪುಸ್ತಕಗಳ ಕಟ್ಟಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಊರಿನ ಗ್ರಂಥಾಲಯಕ್ಕೆ ಕೊಡಿ, ಕೊನೆಯ ಹಾಳೆ ಹರಿದಿದ್ದರೂ ಅಡ್ಡಿಯಿಲ್ಲ.