ದೂರದ ಯುದ್ಧಗಳು ಕಟ್ಟಿದ ಊರು

"ಸೊಲೆದಾರ್ ಅಂತ ಉಪ್ಪಿನ ಗಣಿ ಊರಿದೆಯಂತಲ್ಲ ಸಾರ್, ಉಕ್ರೇನ್‌ನಲ್ಲಿ. ಆಳ ಎಷ್ಟು?"

ಕೋಲಾರ ಚಿನ್ನದ ಗಣಿಯ ಊರು ಕೆಜಿಎಫ್‌ನ ಕೋರಮಂಡಲ್ ಸ್ಟೇಷನ್ನಿನ ಹೊರಗಿನ ಟೀ ಅಂಗಡಿಯಲ್ಲಿ ಹೀಗೆ ಕೇಳಿದವರು ಚಾಂಪಿಯನ್ ರೀಫ್ ಗಣಿಯ ನಿವೃತ್ತ ಕಾರ್ಮಿಕರು. ಇನ್ನೂರು-ಮುನ್ನೂರು ಮೀಟರ್ ಇರಬಹುದು ಎಂದೆ. "ಅಷ್ಟೇನಾ?" ಎಂದು ನಕ್ಕರು. ಕೇಜ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿಗೆ ಇಳಿದು ಬಂದವರ ನಗು ಅದು. ಸೊಲೆದಾರ್‌ನ ಉಪ್ಪಿನ ಸಭಾಂಗಣದಲ್ಲಿ ಸಿಂಫನಿ ಕಛೇರಿಯೇ ನಡೆದಿತ್ತು ಎಂದು ಹೇಳಿದೆ. ಅದು ಅವರ ಕಿವಿಗೆ ಬೀಳಲಿಲ್ಲ. 2023ರ ಜನವರಿಯಲ್ಲಿ ರಷ್ಯಾ ಕಡೆಯವರು ಆ ಊರನ್ನು ಪುಡಿಗಟ್ಟಿ ಹಿಡಿದುಕೊಂಡರಲ್ಲ, ಆಮೇಲಿನ ಕಥೆ ಅವರಿಗೆ ಬೇಕಿತ್ತು. "ಈಗ ಪಂಪ್ ಯಾರು ಓಡಿಸ್ತಿದ್ದಾರೆ? ಉಪ್ಪಿನ ಗಣಿ ಸಾರ್, ನೀರು ನುಗ್ಗಿದ್ರೆ ಕರಗೇ ಹೋಗುತ್ತೆ."

ಇಲ್ಲಿನ ಪಂಪುಗಳು ನಿಂತಿದ್ದನ್ನು ಕಂಡವರು ಅವರು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಶಾಫ್ಟುಗಳಲ್ಲಿ ನೀರು ಏರಿತು. ಕೆಜಿಎಫ್‌ಗೆ ಅಂಥ ಯುದ್ಧ ಬರಲಿಲ್ಲ, ಪುಣ್ಯ ಎಂದೆ. ಅವರು ಒಪ್ಪಲಿಲ್ಲ. "ವಾರನ್ ದೊರೆ ಇಲ್ಲಿಗೆ ಯಾಕೆ ಬಂದ ಹೇಳಿ? ಟಿಪ್ಪು ಸತ್ತಿದ್ದಕ್ಕೇ ತಾನೆ!"

ಲೆಫ್ಟಿನೆಂಟ್ ಜಾನ್ ವಾರನ್ ನಮಗೆಲ್ಲ ಗೊತ್ತಿರುವವನೇ, ಆದರೆ ನಾನು ಈ ಎಳೆ ಹಿಡಿದಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಗಡಿಗಳನ್ನು ಹೊಸದಾಗಿ ಗುರುತಿಸಬೇಕಾಯಿತು. ಆ ಸರ್ವೆಗಾಗಿಯೇ ವಾರನ್ 1802ರಲ್ಲಿ ಈ ಕಡೆ ಬಂದ. ಚಿನ್ನದ ಗುಸುಗುಸು ಕಿವಿಗೆ ಬಿತ್ತು, ಇನಾಮು ಸಾರಿದ. ಹಳ್ಳಿಯವರು ಮಣ್ಣು ತಂದು ಅವನೆದುರೇ ತೊಳೆದು ಕಣಗಳನ್ನು ತೋರಿಸಿದರು. ಇಷ್ಟಾದ ಮೇಲೂ ಚಿನ್ನ ಪತ್ತೆ ಮಾಡಿದವನು ವಾರನ್ ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೂ ಆತನನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಇಂಗ್ಲಿಷರ ಸೇನೆಯಲ್ಲಿದ್ದ ಈತ ಹುಟ್ಟಿನಿಂದ ಫ್ರೆಂಚ್. ಮುಂದೆ ಮದ್ರಾಸಿನ ಖಗೋಳ ವೀಕ್ಷಣಾಲಯ ನೋಡಿಕೊಂಡ. ಕೊನೆಗಾಲದಲ್ಲಿ ಪಾಂಡಿಚೇರಿಯಲ್ಲಿ ನೆಲೆಸಿ, ದಕ್ಷಿಣ ಭಾರತದ ಪಂಚಾಂಗ ಪದ್ಧತಿಗಳ ಮೇಲೆ 'ಕಾಲಸಂಕಲಿತ' ಎಂಬ ದಪ್ಪ ಪುಸ್ತಕ ಬರೆದ. ಅದು ಅಚ್ಚಾಗಿದ್ದು 1825ರಲ್ಲಿ. ಪಾಂಡಿಚೇರಿಯ ಒಬ್ಬ ತಮಿಳು ಪಂಚಾಂಗಕಾರ ಕಾಗದ ಮುಟ್ಟದೆ, ನೆಲದ ಮೇಲೆ ಕವಡೆ ಜೋಡಿಸುತ್ತಾ, ಕಂಠಪಾಠದ ಕೋಷ್ಟಕಗಳಿಂದಲೇ ಚಂದ್ರಗ್ರಹಣ ಲೆಕ್ಕ ಹಾಕಿ ತೋರಿಸಿದ್ದನ್ನು ವಾರನ್ ದಾಖಲಿಸಿದ್ದಾನೆ. ಗ್ರಹಣ ಹಿಡಿಯುವ ಹೊತ್ತಿನಲ್ಲಿ ಬಂದ ವ್ಯತ್ಯಾಸ ಬರೀ ನಾಲ್ಕು ನಿಮಿಷ! (ಬಿಡುವ ಹೊತ್ತಿಗೆ ಐವತ್ತೆರಡು ನಿಮಿಷ ತಪ್ಪಿತ್ತು, ಅದನ್ನೂ ಹೇಳಬೇಕು.) ಗಣಿತದ ಇತಿಹಾಸಕಾರರು ಇಪ್ಪತ್ತನೆಯ ಶತಮಾನದಲ್ಲೂ ಈ ದಾಖಲೆಯನ್ನು ಕೆದಕಿದ್ದಾರೆ. ನನ್ನನ್ನು ಕೇಳಿದರೆ ಚಿನ್ನಕ್ಕಿಂತ ಇದೇ ದೊಡ್ಡ ಪತ್ತೆ.

ಮುಂದಿನದು ಗೊತ್ತಿರುವ ಕಥೆ. ನ್ಯೂಜಿಲೆಂಡಿನ ಮಾವೋರಿ ಯುದ್ಧ ಮುಗಿಸಿ ಬೆಂಗಳೂರು ದಂಡಿಗೆ ಬಂದ ಐರಿಷ್ ಸೈನಿಕ ಲ್ಯಾವೆಲ್, ವಾರನ್‌ನ ಹಳೆಯ ವರದಿ ಓದಿ 1871ರಲ್ಲಿ ಚಿನ್ನ ಹುಡುಕಲು ಈ ಕಡೆಗೆ ಎತ್ತಿನ ಗಾಡಿ ಹೂಡಿದ. ಅಲ್ಲಿಗೆ ಎರಡನೇ ಯುದ್ಧದ ಋಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆಗೆ ಬಂತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು.

ಮೂರನೇ ಯುದ್ಧದ ಋಣವನ್ನು ಹುಡುಕಲು ದೂರ ಹೋಗಬೇಕಿಲ್ಲ, ಕೋರಮಂಡಲ್‌ನಿಂದ ಒಂದು ಸ್ಟೇಷನ್ ಹಿಂದಕ್ಕೆ ಬಂದರೆ ಸಾಕು: ಬೆಮೆಲ್ ನಗರ. ಚೀನಾ ಯುದ್ಧ ಮುಗಿದು ಎರಡು ವರ್ಷಕ್ಕೆ, 1964ರಲ್ಲಿ, ಹುಟ್ಟಿದ ಬೆಮೆಲ್ ರಕ್ಷಣಾ ಸಚಿವಾಲಯದ ಕಂಪನಿ. ಬುಲ್ಡೋಜರ್‌ಗಳ ಜೊತೆಗೆ, ರಣರಂಗದಲ್ಲಿ ಕೆಟ್ಟು ನಿಂತ ಟ್ಯಾಂಕುಗಳನ್ನು ಎಳೆದು ತರುವ ವಾಹನಗಳನ್ನೂ ಪೋಲೆಂಡಿನ ತಂತ್ರಜ್ಞಾನದಲ್ಲಿ ಅದು ತಯಾರಿಸಿದೆ. ಆ ವಾಹನದ ಅಡಿಪಾಯ ಟಿ-72 ಟ್ಯಾಂಕಿನದು. ಉಕ್ರೇನಿನಲ್ಲಿ ಎರಡೂ ಕಡೆಯವರು ಓಡಿಸುತ್ತಿರುವುದೂ ಟಿ-72ಗಳನ್ನೇ. ಗಣಿ ಮುಚ್ಚಿದ ಮೇಲೆ ಕೋರಮಂಡಲ್‌ನ ಹುಡುಗರು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಊರಲ್ಲೇ ಕಾಯಂ ಕೆಲಸ ಬೇಕೆನ್ನುವವರು ಇವತ್ತಿಗೂ ಕೇಳುವುದು ಬೆಮೆಲ್‌ನಲ್ಲಿ ಭರ್ತಿ ಯಾವಾಗ ಎಂದು.