ಸದಾರಮೆಯ ಪಾತ್ರವೂ ಅದನ್ನು ಧರಿಸಿದವರೂ

ನಾಟಕ ಮುಗಿದ ಮರುದಿನ ಊರಿನ ಜಗಲಿಗಳ ಮೇಲೆ ನಡೆಯುವ ವಿಮರ್ಶೆಯನ್ನು ನಮ್ಮ ವಾಚಕರು ಕೇಳಿಯೇ ಇರುವರು. ಚನ್ನಗಿರಿಯ ಅಡಕೆ ಮಂಡಿಯಲ್ಲಾಗಲಿ, ಹೊನ್ನಾಳಿಯ ಹೊಳೆದಂಡೆಯಲ್ಲಾಗಲಿ, ನ್ಯಾಮತಿಯ ಸಂತೆಬೀದಿಯಲ್ಲಾಗಲಿ, ಜಗಳೂರಿನ ಚಹದಂಗಡಿಯಲ್ಲಾಗಲಿ ಮಾತಿನ ಧಾಟಿ ಒಂದೇ: ‘ಈ ಸಲದ ನಾಯಕಿ ಹೋದ ಸಲದವಳಂತೆ ಹಾಡಲಿಲ್ಲ’. ಓದುಬಲ್ಲವರು ಈ ಮಾತನ್ನು ಕಾಡುಹರಟೆಯೆಂದು ತಳ್ಳಿಹಾಕುವುದುಂಟು. ನಮ್ಮ ಅಭಿಪ್ರಾಯವು ಬೇರೆ. ಒಂದೇ ಪಾತ್ರವನ್ನು ಹಲವರಲ್ಲಿ ಕಂಡು, ಒಬ್ಬರನ್ನು ಇನ್ನೊಬ್ಬರ ಪಕ್ಕದಲ್ಲಿಟ್ಟು ತೂಗುವ ಪ್ರೇಕ್ಷಕನೇ ರಂಗಭೂಮಿಯ ನಿಜವಾದ ಪರೀಕ್ಷಕನು. ಆದರೆ ಅವನ ತಕ್ಕಡಿಯಲ್ಲಿ ಒಂದು ದೋಷವುಂಟು. ಅದನ್ನು ‘ಸದಾರಮೆ’ಯ ಪಾತ್ರವನ್ನೇ ಉದಾಹರಣೆಯಾಗಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯು ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘದ ಮೂಲಕ ನಾಡಿಗೆಲ್ಲ ಪರಿಚಿತವಾದ ಸಂಗೀತ ನಾಟಕ. ಇದರ ಕಥೆಯು ಕನ್ನಡದ್ದು ಮಾತ್ರವಲ್ಲ, ತಮಿಳು ರಂಗದಲ್ಲಿಯೂ ಅದು ಪ್ರಚಾರದಲ್ಲಿದ್ದಿತು, ಮಲೆಯಾಳದಲ್ಲಿ ಕೆ. ಸಿ. ಕೇಶವ ಪಿಳ್ಳೆಯವರ ‘ಸದಾರಾಮ’ವು ಹಿಂದಿನ ಶತಮಾನದ ಆರಂಭದಲ್ಲಿಯೇ ಜನಪ್ರಿಯವಾಯಿತು. 1884ರಲ್ಲಿ ಸ್ಥಾಪಿತವಾದ ಗುಬ್ಬಿಯ ಸಂಘವನ್ನು ಕೀರ್ತಿಶಿಖರಕ್ಕೇರಿಸಿದ ವೀರಣ್ಣನವರು ಈ ನಾಟಕದ ಕಳ್ಳನಾಗಿ ಜನರನ್ನು ನಗಿಸಿದುದು ಇಂದಿಗೂ ಮನೆಮಾತು. ಕಳ್ಳನನ್ನು ಎಲ್ಲರೂ ನೆನೆಯುವರು. ಅವನ ಎದುರಿಗೆ ನಿಂತು ಮಾತಿಗೆ ಮಾತು ಕೊಟ್ಟವಳನ್ನು ನೆನೆಯುವವರು ಕಡಮೆ. ನಾವು ಹೇಳಿದ ದೋಷವು ಇಲ್ಲಿಂದಲೇ ಮೊದಲಾಗುತ್ತದೆ.

ಸದಾರಮೆಯು ವರ್ತಕನ ಮಗಳು. ರಾಜಕುಮಾರನನ್ನು ವರಿಸಿ, ರಾಜ್ಯವನ್ನು ಕಳೆದುಕೊಂಡ ಪತಿಯ ಸಂಗಡ ಅಲೆದು, ಕಾಮಾಂಧರ ಕಣ್ಣಿಗೂ ಕಳ್ಳನ ಕೈಗೂ ಗುರಿಯಾಗಿ, ಕಡೆಗೆ ಗಂಡುವೇಷವನ್ನು ಧರಿಸಿ, ಬಾಹುಬಲದಿಂದಲ್ಲದೆ ಬುದ್ಧಿಬಲದಿಂದ ತನ್ನನ್ನು ತಾನು ಉಳಿಸಿಕೊಳ್ಳುವವಳು. ಆದುದರಿಂದ ಈ ಪಾತ್ರವನ್ನು ವಹಿಸುವವರಿಗೆ ಮೂರು ಪರೀಕ್ಷೆಗಳುಂಟು. ಮೊದಲನೆಯದು ಕಂಠದ್ದು: ಪ್ರಣಯದ ಹಾಗೂ ಅಗಲಿಕೆಯ ಪದಗಳನ್ನು ಹಾಡಬೇಕು. ಎರಡನೆಯದು ಮಾತಿನದು: ಕಳ್ಳನೊಡನೆ ನಡೆಯುವ ಸಂಭಾಷಣೆಯಲ್ಲಿ ಭಯವನ್ನು ಒಳಗಿಟ್ಟು ಹೊರಗೆ ಚಾತುರ್ಯವನ್ನು ತೋರಬೇಕು. ಮೂರನೆಯದು ದೇಹದ್ದು: ಗಂಡುಡುಪಿನೊಳಗೆ ಹೆಣ್ಣೊಬ್ಬಳು ಅಡಗಿರುವಳೆಂಬುದನ್ನು ಪ್ರೇಕ್ಷಕನು ಮರೆಯಬಾರದು, ಎದುರಿನ ಪಾತ್ರಗಳು ಮಾತ್ರ ಮರೆಯಬೇಕು. ನಮ್ಮ ಜಗಲಿಯ ವಿಮರ್ಶಕರು ಮೊದಲನೆಯ ಪರೀಕ್ಷೆಗೇ ಅಂಕಗಳನ್ನೆಲ್ಲ ಕೊಟ್ಟುಬಿಡುವರು.

ಇದಕ್ಕೆ ಕಾರಣವಿಲ್ಲದೆ ಇಲ್ಲ. ವೃತ್ತಿರಂಗಭೂಮಿಯ ಮೊದಲ ಕಾಲದಲ್ಲಿ ಸ್ತ್ರೀಪಾತ್ರಗಳನ್ನು ಧರಿಸುತ್ತಿದ್ದವರು ಕಂಠವೊಡೆಯದ ಬಾಲಕರು, ಇಲ್ಲವೆ ಕಂಠವನ್ನು ಆ ಎತ್ತರದಲ್ಲಿಯೇ ಪೋಷಿಸಿಕೊಂಡ ಯುವಕರು. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಕಾಲ್ತಿದಿಯ ಹಾರ್ಮೋನಿಯಂ ಮತ್ತು ತಬಲೆಗಳನ್ನು ಮೀರಿ ತಗಡಿನ ಥಿಯೇಟರಿನ ಹಿಂದಿನ ಸಾಲಿಗೆ ಮುಟ್ಟಬೇಕಾದರೆ ಶ್ರುತಿಯನ್ನು ಏರಿಸಲೇಬೇಕಾಗಿದ್ದಿತು. ಕಿವಿಗೆ ತಲಪಿದುದೇ ಅಭಿನಯವೆನಿಸಿತು. ಮರಾಠಿಯಲ್ಲಿ ಬಾಲಗಂಧರ್ವರು ಹೆಣ್ಣಾಗಿ ಹಾಡಿ ಮೆರೆದುದೂ ಅದೇ ಯುಗದಲ್ಲಿ. ಸದಾರಮೆಯಂತಹ ಪಾತ್ರವು ಗಂಡಸರ ಕೈಯಲ್ಲಿದ್ದಾಗ, ಗಂಡೊಬ್ಬನು ಹೆಣ್ಣಾಗಿ, ಆ ಹೆಣ್ಣು ಮತ್ತೆ ಗಂಡಾಗಿ ಬರುವ ವಿಚಿತ್ರ ಸನ್ನಿವೇಶವು ಉಂಟಾಗುತ್ತಿದ್ದಿತು. ಮೂರನೆಯ ಪರೀಕ್ಷೆಯೆಂಬುದು ಅಲ್ಲಿ ಪರೀಕ್ಷೆಯೇ ಆಗಿರಲಿಲ್ಲ. ನಟನು ತನ್ನ ಸ್ವಂತ ನಡಿಗೆಗೆ ಹಿಂತಿರುಗಿದರೆ ಸಾಕಾಗಿದ್ದಿತು.

ಸ್ತ್ರೀಯರು ರಂಗಕ್ಕೆ ಬಂದ ಮೇಲೆ ಈ ಪಾತ್ರದ ಭಾರಕೇಂದ್ರವೇ ಬದಲಾಯಿತು. ಗುಬ್ಬಿ ಕಂಪನಿಯಲ್ಲಿ ನಾಯಿಕಾಪಾತ್ರಗಳಿಗೆ ಹೆಸರಾದ ಬಿ. ಜಯಮ್ಮನವರಂತಹ ನಟಿಯರು ಹಾಡನ್ನೂ ಮಾತನ್ನೂ ಸಮತೂಕದಲ್ಲಿ ನಿಲ್ಲಿಸಿದರು. ಇನ್ನು ಗಂಡುಡುಪು ಧರಿಸುವ ದೃಶ್ಯದಲ್ಲಿ, ಮನೆಯ ಹೊಸ್ತಿಲು ದಾಟಿದವಳೆಂದು ಸಮಾಜವು ಬೆರಳು ತೋರಿಸುತ್ತಿದ್ದ ನಟಿಯೇ, ಮನೆಯಿಂದ ಹೊರಬಿದ್ದ ಸದಾರಮೆಯಾಗಿ ಶೀಲರಕ್ಷಣೆಗೆ ಹೋರಾಡುವಾಗ, ಕಥೆಗೂ ಬಾಳಿಗೂ ನಡುವೆ ಪರದೆಯೊಂದೇ ಉಳಿಯಿತು. ಅದನ್ನು ಯಾವ ಪುರುಷನಟನೂ ತರಬಲ್ಲವನಾಗಿರಲಿಲ್ಲ.

ವಾಕ್ಚಿತ್ರವು ಬಂದಾಗ ಪಾತ್ರವು ಇನ್ನೊಂದು ಮುಖವನ್ನು ಪಡೆಯಿತು. 1935ರಲ್ಲಿ ರಾಜಾ ಚಂದ್ರಶೇಖರರು ನಿರ್ದೇಶಿಸಿದ ‘ಸದಾರಮೆ’ಯಲ್ಲಿ ನಾಯಕಿ ಕೆ. ಅಶ್ವತ್ಥಮ್ಮನವರು. ಹಾಡುಗಾರ್ತಿಯೆಂದು ಹೆಸರಾಗಿದ್ದ ಇವರೇ 1937ರ ತಮಿಳು ‘ಚಿಂತಾಮಣಿ’ಯಲ್ಲಿ ಎಂ. ಕೆ. ತ್ಯಾಗರಾಜ ಭಾಗವತರ ಎದುರು ನಟಿಸಿ ದಕ್ಷಿಣದೇಶಕ್ಕೆಲ್ಲ ಪರಿಚಿತರಾದರು. ತಾವೇ ಹಾಡಿ ತಾವೇ ನಟಿಸಬೇಕಾಗಿದ್ದ ಕಾಲದ ನಾಯಕಿ ಅವರು. ಅದೇ 1935ರಲ್ಲಿ ತಮಿಳಿನ ‘ನವೀನ ಸದಾರಮ’ದಲ್ಲಿ ಎಸ್. ಡಿ. ಸುಬ್ಬುಲಕ್ಷ್ಮಿಯವರು ಇದೇ ಪಾತ್ರವನ್ನು ವಹಿಸಿದರು. 1956ರಲ್ಲಿ ಕನ್ನಡದಲ್ಲಿ ‘ಸದಾರಮೆ’ಯು ಮತ್ತೆ ತೆರೆಗೆ ಬಂದಾಗ ನಾಯಕಿಯಾದವರು ಸಾಹುಕಾರ್ ಜಾನಕಿಯವರು. ಅಷ್ಟರಲ್ಲಿ ಹಿನ್ನೆಲೆ ಗಾಯನವು ರೂಢವಾಗಿದ್ದಿತು. ಕಂಠವು ಒಬ್ಬರದು, ಮುಖವು ಇನ್ನೊಬ್ಬರದು. ರಂಗದಲ್ಲಿ ‘ಒನ್ಸ್ ಮೋರ್’ ಎಂಬ ಕೂಗು ಬಂದಷ್ಟು ಸಲವೂ ಹಾಡು ಬೆಳೆಯುತ್ತಿದ್ದಿತು. ಗ್ರಾಮಫೋನು ತಟ್ಟೆಯ ಒಂದು ಮಗ್ಗುಲಲ್ಲಿ ಅದು ಸುಮಾರು 3 ನಿಮಿಷಕ್ಕೆ ಮುಗಿಯಬೇಕಾಯಿತು. ತೆರೆಯ ಮೇಲಾದರೋ ಹಾಡಿಗಿಂತ ಹಾಡುವವಳ ಕಣ್ಣು ಮುಖ್ಯವಾಯಿತು. ಇವರಲ್ಲಿ ಮೇಲಾರು ಕೀಳಾರು ಎಂದು ಕೇಳುವುದಕ್ಕಿಂತ, ಪ್ರತಿಯೊಬ್ಬರೂ ಯಾವ ಕಟ್ಟಿನೊಳಗೆ ನಿಂತು ಆ ಪಾತ್ರವನ್ನು ಕಟ್ಟಿದರೆಂದು ಕೇಳುವುದೇ ನ್ಯಾಯ.

ಮುಂದೆ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ತಮ್ಮ ‘ಸ್ಪಂದನ’ ತಂಡದಿಂದ ಈ ನಾಟಕಕ್ಕೆ ಮರುಹುಟ್ಟನ್ನು ಕೊಟ್ಟು, ಅಜ್ಜನ ಕಳ್ಳನ ಪಾತ್ರವನ್ನು ತಾವೇ ಧರಿಸಿದರು. ಒಂದು ಕಾಲದಲ್ಲಿ ಗಂಡಸರು ಹೆಣ್ಣಾಗುತ್ತಿದ್ದ ರಂಗದಲ್ಲಿ, ಸದಾರಮೆಯನ್ನು ಅಪಹರಿಸುವ ಕಳ್ಳನೇ ಹೆಣ್ಣಿನ ಕೈಗೆ ಬಂದನು. ಇದನ್ನು ಕೇವಲ ವಿನೋದವೆಂದು ನಾವು ಬಗೆಯುವುದಿಲ್ಲ.

ಈಗ ನಮ್ಮ ನಾಲ್ಕು ಊರುಗಳಿಗೆ ಬರೋಣ. 1997ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾಗುವ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯು ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದುದು ಇತ್ತೀಚೆಗೆ. 1956ರ ಏಕೀಕರಣಕ್ಕೆ ಮುನ್ನ ಹೊನ್ನಾಳಿಯ ಸೀಮೆಯಾಚೆಗೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಆದರೆ ನಾಟಕದ ಹಾಡಿಗೆ ಈ ಗಡಿಗಳು ಅಡ್ಡಬಂದುದಿಲ್ಲ. ತೆಂಕಣಿಂದ ಗುಬ್ಬಿಯ ಕರ್ನಾಟಕ ಸಂಗೀತದ ಮಟ್ಟುಗಳೂ, ಬಡಗಣಿಂದ ಹುಬ್ಬಳ್ಳಿ-ಗದಗಿನ ಹಿಂದುಸ್ತಾನಿ ಧಾಟಿಯ ರಂಗಗೀತೆಗಳೂ ಈ ಮಧ್ಯನಾಡಿನಲ್ಲಿ ಬೆರೆತುವು. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯೂ, 2010ರಲ್ಲಿ ನಿಧನರಾದ ಪದ್ಮಶ್ರೀ ಚಿಂದೋಡಿ ಲೀಲಾ ಅವರೂ ಬೆಳೆದುದು ಈ ಮಣ್ಣಿನಲ್ಲಿಯೇ. ನಕ್ಷೆಯ ಮೇಲೆ ಕನ್ನಡನಾಡು ಒಂದಾಗುವುದಕ್ಕೆ ಮೊದಲೇ ಇಲ್ಲಿಯ ಪ್ರೇಕ್ಷಕನ ಕಿವಿಯಲ್ಲಿ ಒಂದಾಗಿದ್ದಿತು.

ಇಂದು ಕಂಪನಿಗಳ ಬಿಡಾರಗಳು ವಿರಳ. ಆದರೆ ಹಳ್ಳಿಯ ನಾಟಕವು ಸತ್ತಿಲ್ಲ. ಸುಗ್ಗಿ ಮುಗಿದು ಜಾತ್ರೆ ಹತ್ತಿರವಾದಂತೆ ಊರಿನ ತರುಣರು ಹಾರ್ಮೋನಿಯಂ ಮಾಸ್ತರರನ್ನು ಗೊತ್ತುಮಾಡಿಕೊಂಡು ತಿಂಗಳುಗಟ್ಟಲೆ ತಾಲೀಮು ನಡೆಸುವರು. ಸ್ತ್ರೀಪಾತ್ರಗಳಿಗೆ ಮಾತ್ರ ಹೊರಗಿನಿಂದ ವೃತ್ತಿನಟಿಯರನ್ನು ಕರೆಸುವರು. ಆಕೆ ಬರುವುದು ಅನೇಕ ವೇಳೆ ಪ್ರಯೋಗದ ದಿನ ಸಂಜೆಯ ಬಸ್ಸಿಗೆ. ಎದುರು ನಟಿಸುವವನ ಮುಖವನ್ನು ಆಕೆ ನೋಡುವುದು ಬಣ್ಣ ಹಚ್ಚಿಕೊಳ್ಳುವಾಗ.

ಇಂತಹ ಎರಡು ಪ್ರಯೋಗಗಳಲ್ಲಿ ನಾವು ಸದಾರಮೆಯನ್ನು ನೋಡಿದ್ದೇವೆ: ಒಂದು ಹೊನ್ನಾಳಿಯ ಕಡೆ, ಇನ್ನೊಂದು ಕೆಲವು ವರ್ಷಗಳ ತರುವಾಯ ಜಗಳೂರಿನ ಕಡೆ. ಮೊದಲನೆಯ ನಟಿಯದು ಅಮೋಘವಾದ ಕಂಠ. ಒಂದೇ ಪದವನ್ನು ಮೂರು ಸಲ ಹಾಡಿಸಿದರು. ಸೆರಗಿಗೆ ನೋಟುಗಳನ್ನು ಚುಚ್ಚಿದರು. ಕಥೆಯು ನಿಂತಲ್ಲಿಯೇ ನಿಂತು ಬೆಳಗಿನ ಕೋಳಿ ಕೂಗಿತು. ಎರಡನೆಯ ನಟಿಯ ಕಂಠವು ದಣಿದಿದ್ದಿತು. ಕಳ್ಳನ ಪಾತ್ರದ ಹುಡುಗನು ದೃಶ್ಯದ ನಡುವೆ ಮಾತು ಮರೆತು ಕಲ್ಲಾಗಿ ನಿಂತನು. ಆಕೆಯು ತುಸುವೂ ತಡಬಡಿಸದೆ, ಅವನು ಆಡಬೇಕಾಗಿದ್ದ ಮಾತನ್ನೇ ಪ್ರಶ್ನೆಯಾಗಿ ತಿರುಗಿಸಿ, ‘ಏನಯ್ಯಾ, ಹೀಗೆ ಮಾಡುವೆನೆಂದು ಹೇಳಬೇಕೆಂದಿರುವೆಯಾ?’ ಎಂದು ಕೇಳಿದಳು. ಹುಡುಗನು ಹೌದೆಂದನು; ಸಭೆಯು ನಕ್ಕಿತು; ದೃಶ್ಯವು ಉಳಿಯಿತು. ಅಲ್ಲಿಂದ ಮುಂದೆ ನಾಲ್ಕಾರು ಮಾತುಗಳವರೆಗೆ ಇಬ್ಬರ ಪಾತ್ರವನ್ನೂ ಆಕೆಯೊಬ್ಬಳೇ ಹೊತ್ತಳು. ಮರುದಿನ ಊರೆಲ್ಲ ಹೊಗಳಿದುದು ಕಳ್ಳನ ಹುಡುಗನನ್ನು. ಆಕೆಯು ಮೊದಲ ಬಸ್ಸಿಗೆ ಹೊರಟುಹೋಗಿದ್ದಳು. ಹೆಸರೇನೆಂದು ವಿಚಾರಿಸಿದರೆ, ‘ದಾವಣಗೆರೆ ಕಡೆಯವಳು’ ಎಂಬ ಉತ್ತರವಲ್ಲದೆ ಬೇರೆ ದೊರೆಯಲಿಲ್ಲ. ಅಂದು ನಾವೂ ಮೊದಲನೆಯವಳನ್ನೇ ಶ್ರೇಷ್ಠಳೆಂದುಕೊಂಡಿದ್ದೆವು. ಆ ತೀರ್ಪು ತಪ್ಪೆಂದು ತಿಳಿಯಲು ನಮಗೆ ಬಹುಕಾಲ ಹಿಡಿಯಿತು. ಬುದ್ಧಿಬಲದಿಂದ ಕಳ್ಳನನ್ನು ದಾಟುವವಳೇ ಸದಾರಮೆಯಾದರೆ, ಆ ರಾತ್ರಿ ಜಗಳೂರಿನ ಕಡೆ ನಾವು ಕಂಡುದು ನಿಜವಾದ ಸದಾರಮೆಯನ್ನು.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಲ್ಲ. 6,000 ಎಕರೆಗೂ ಮಿಕ್ಕ ಆ ಜಲರಾಶಿಯನ್ನು ಕಟ್ಟಿಸಿದವಳು ಶಾಂತವ್ವೆಯೆಂದೂ, ಕೆರೆಗೆ ನೆಲವನ್ನು ಬಿಟ್ಟುಕೊಟ್ಟ ಗಣಿಕೆಯರು ತಮ್ಮ ಹೆಸರು ಅದಕ್ಕಿರಬೇಕೆಂದು ಕೇಳಿದರೆಂದೂ ಜನ ಹೇಳುವರು. ಇಂದು ನಾವು ಆ ಹೆಸರಿಗೆ ನಾಚಿ ‘ಶಾಂತಿಸಾಗರ’ವೆನ್ನುತ್ತೇವೆ, ನೀರನ್ನು ಮಾತ್ರ ನಾಚದೆ ಕುಡಿಯುತ್ತೇವೆ. ನಟಿಯರ ವಿಷಯದಲ್ಲಿ ನಮ್ಮ ನಡತೆಯು ಇದಕ್ಕಿಂತ ಭಿನ್ನವಾಗಿಲ್ಲ. ರಾತ್ರಿಯೆಲ್ಲ ಆಕೆಯ ಕಲೆಯಲ್ಲಿ ಮಿಂದು, ಬೆಳಗಾದ ಮೇಲೆ ಹೆಸರನ್ನು ಬಾಯಿಗೆ ತರಲು ಹಿಂಜರಿಯುವೆವು.

ಇದು ಬರಿಯ ಮರ್ಯಾದೆಯ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ವೃದ್ಧ ಕಲಾವಿದರಿಗೆ ಸರ್ಕಾರವು ಮಾಸಾಶನ ಕೊಡುವುದುಂಟು. ಅರ್ಜಿಯೊಡನೆ ಕಲಾಸೇವೆಯ ಪುರಾವೆಯನ್ನು ಕೇಳುವುದೂ ಉಂಟು, ಕೇಳುವುದು ತಪ್ಪಲ್ಲ. ಆದರೆ ಬಾಳೆಲ್ಲ ಊರೂರು ಅಲೆದು ನಟಿಸಿದ ಹೆಣ್ಣುಮಗಳ ಬಳಿ ಪುರಾವೆ ಎಲ್ಲಿಂದ ಬರಬೇಕು? ಕಂಪನಿಗಳು ಮುಚ್ಚಿದುವು, ಕರಪತ್ರಗಳು ಮಳೆಯಲ್ಲಿ ನೆನೆದು ಹೋದುವು, ಪ್ರೇಕ್ಷಕರಿಗೆ ಹೆಸರೇ ನೆನಪಿಲ್ಲ.

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ನಾಟಕ ಸಂಘಗಳವರಲ್ಲಿಯೂ ಅಧಿಕಾರಿ ಮಹಾಶಯರಲ್ಲಿಯೂ ನಮ್ಮದೊಂದು ಸಣ್ಣ ಬಿನ್ನಹ. ಪ್ರತಿಯೊಂದು ನಾಟಕ ಮುಗಿದಾಗಲೂ ನಟಿಯ ಹೆಸರು, ಪಾತ್ರ, ಊರು, ತಾರೀಖುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಸಂಘದ ಮುಖ್ಯಸ್ಥರ ರುಜುವಿನಿಂದ ಅದರ ಒಂದು ಪ್ರತಿಯನ್ನು, ಸಂಭಾವನೆಯೊಡನೆ, ಆಕೆಯ ಕೈಗೆ ಕೊಡಲಿ. ಇನ್ನೊಂದು ಪ್ರತಿಯನ್ನು ಕರಪತ್ರದ ಸಮೇತ ಊರಿನ ಗ್ರಂಥಾಲಯದಲ್ಲಿರಿಸಲಿ. ಜಗಲಿಯ ವಿಮರ್ಶಕರು ತಮ್ಮ ಹೋಲಿಕೆಯ ಮಾತನ್ನೂ ಅದರಲ್ಲಿ ನಾಲ್ಕು ಸಾಲು ಬರೆಯಲಿ: ಯಾರು ಹೇಗೆ ಹಾಡಿದರು, ಯಾರು ಹೇಗೆ ಆಡಿದರು, ಯಾರು ಎದುರಿನವನನ್ನು ಉಳಿಸಿದರು ಎಂದು. ಇದಕ್ಕೆ ತಗಲುವ ವೆಚ್ಚವು ಒಂದು ನೋಟುಬುಕ್ಕಿನದು. ಸದಾರಮೆಯ ಕಳ್ಳನನ್ನು ನಾಡು ಮರೆಯಲಿಲ್ಲ. ಅವನೆದುರು ನಿಂತವರನ್ನು ಮರೆತುದು ಸಾಕು.